ಒಂದು ಕಾಗದದ ಪಯಣಕ್ಕಿಂತ ಕಿರಿದಾದ ಸರ್ಕಾರ

ಹೂಗ್ಯಂ, ಮೀಣ್ಯಂ. ಹನೂರು ತಾಲ್ಲೂಕಿನ ಈ ಕಾಡಂಚಿನ ಊರುಗಳ ಹೆಸರಿನ ಕೊನೆಗೆ ನಿಂತಿರುವ ಸೊನ್ನೆಯನ್ನು ಕಂಡಾಗಲೆಲ್ಲ ನನಗೆ ಗಡಿ ನೆನಪಾಗುತ್ತದೆ. ಹಳ್ಳಿ, ಪುರ, ಪಾಳ್ಯ, ದೊಡ್ಡಿ ಎಂದು ಮುಗಿಯುವ ಹೆಸರುಗಳ ನಡುವೆ ಇವಕ್ಕೆ ಬೇರೆಯದೇ ಉಸಿರಿದೆ. ಮಾರ್ಟಳ್ಳಿ, ನಾಲ್ ರೋಡ್ ಕಡೆ ಅಂಗಡಿ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಒಂದೇ ಮಾತು ಕನ್ನಡದಲ್ಲಿ ಶುರುವಾಗಿ ತಮಿಳಿನಲ್ಲಿ ಮುಗಿಯುವುದು ಕೇಳಿಸುತ್ತದೆ. ಈ ಊರುಗಳು ಹಿಂದೆ ಸೇರಿದ್ದ ಕೊಳ್ಳೇಗಾಲದ ಕಡೆಯ ಹಿರಿಯರು ಹಳೆಯ ಸಂಗತಿ ಹೇಳುವಾಗ ಇಸವಿ ಹೇಳುವುದಕ್ಕಿಂತ ಹೆಚ್ಚಾಗಿ ‘ನಾವು ಕೊಯಮತ್ತೂರು ಜಿಲ್ಲೇಲಿದ್ದಾಗ’ ಎಂದೇ ಆರಂಭಿಸುತ್ತಾರೆ.

ಕೊಯಮತ್ತೂರು ಇರುವುದು ಘಟ್ಟದ ಕೆಳಗೆ, ಕೊಳ್ಳೇಗಾಲ ಇರುವುದು ಘಟ್ಟದ ಮೇಲೆ. ನಡುವೆ ಮಲೆ ಮಹದೇಶ್ವರನ ಏಳು ಮಲೆ, ಬಿಳಿಗಿರಿರಂಗನ ಬೆಟ್ಟದ ಸಾಲು, ಬರಗೂರಿನ ಕಾಡು. ಇತ್ತ ಕಾವೇರಿ ದಾಟಿದರೆ ಮಳವಳ್ಳಿ, ಪಶ್ಚಿಮಕ್ಕೆ ನಡೆದರೆ ಯಳಂದೂರು, ಅಲ್ಲಿಂದ ಮೈಸೂರು. ನುಡಿ, ದೇವರು, ನಂಟಸ್ತನ ಎಲ್ಲವೂ ಮೈಸೂರಿನ ಕಡೆಗೇ ಇದ್ದ ಒಂದು ಸೀಮೆ 1799ರಿಂದ 1956ರವರೆಗೆ, 157 ವರ್ಷ, ಘಟ್ಟದ ಕೆಳಗಿನ ಜಿಲ್ಲೆಯೊಂದರ ತಾಲ್ಲೂಕಾಗಿತ್ತು. ಯಾಕೆ ಹೀಗಾಯಿತು ಎಂದು ಕೇಳಿದರೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ, ಕುಂಪಣಿಯವರು ಹಂಚಿಕೊಂಡರು ಎಂಬ ಉತ್ತರ ಬರುತ್ತದೆ. ಅದು ಸರಿಯೇ. ಆದರೆ ಕುಂಪಣಿಯ ಹಿಂದೆ ನಿಂತು ಅದನ್ನು ನಡೆಸಿದ ಕೈ ಯಾವುದು, ಆ ಕೈಗೆ ಆ ಬಲ ಯಾವಾಗ ಬಂತು ಎಂದು ಹುಡುಕುತ್ತ ಹೋದರೆ ನಾವು ಹದಿನಾರು ವರ್ಷ ಹಿಂದಕ್ಕೆ, 1783ಕ್ಕೆ ಹೋಗಬೇಕಾಗುತ್ತದೆ. ಆ ವರ್ಷ ಲಂಡನ್ನಿನಲ್ಲಿ ಒಂದು ಸರ್ಕಾರ ಹುಟ್ಟಿ ಎಂಟೂವರೆ ತಿಂಗಳಲ್ಲಿ ಸತ್ತಿತು. ಅದು ಸತ್ತದ್ದು ನಮ್ಮ ದೇಶದ ವಿಷಯಕ್ಕೇ.

ಅದರ ಹುಟ್ಟೇ ಯಾರೂ ನಿರೀಕ್ಷಿಸದಿದ್ದ ಹುಟ್ಟು. ಹನ್ನೆರಡು ವರ್ಷ ಪ್ರಧಾನಿಯಾಗಿದ್ದ ಲಾರ್ಡ್ ನಾರ್ತ್ ಅಮೆರಿಕವನ್ನು ಕಳೆದುಕೊಂಡು 1782ರ ಮಾರ್ಚಿನಲ್ಲಿ ಇಳಿದ. ಅವನ ನಂತರ ಬಂದ ರಾಕಿಂಗ್‌ಹ್ಯಾಮ್ ಜುಲೈ 1ರಂದು ತೀರಿಕೊಂಡ. ಆಮೇಲಿನ ಶೆಲ್ಬರ್ನ್, ಅಮೆರಿಕದೊಂದಿಗಿನ ಶಾಂತಿಯ ಕರಾರಿನ ಮೇಲೆ ಕಾಮನ್ಸ್ ಸಭೆಯಲ್ಲಿ ಸೋತು 1783ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟ. ಅವನನ್ನು ಬೀಳಿಸಲು ಕೈಜೋಡಿಸಿದವರು ನಾರ್ತ್ ಮತ್ತು ಚಾರ್ಲ್ಸ್ ಜೇಮ್ಸ್ ಫಾಕ್ಸ್. ಅವರಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಅಮೆರಿಕದ ಯುದ್ಧ ನಡೆದಷ್ಟು ವರ್ಷವೂ ನಾರ್ತ್‌ನನ್ನು ಸಭೆಯಲ್ಲಿ ನಿಂತು ಝಾಡಿಸಿದವನು ಇದೇ ಫಾಕ್ಸ್. ಮೂರನೆಯ ಜಾರ್ಜ್ ದೊರೆಗಂತೂ ಫಾಕ್ಸ್‌ನ ಮುಖ ಕಂಡರೆ ಆಗುತ್ತಿರಲಿಲ್ಲ. ಐದು ವಾರ ಬೇರೆ ಯಾರಾದರೂ ಸಿಗುತ್ತಾರೇನೋ ಎಂದು ಹುಡುಕಿದ. ಗದ್ದುಗೆಯನ್ನೇ ಬಿಟ್ಟುಬಿಡುತ್ತೇನೆ ಎಂಬ ಪತ್ರದ ಕರಡನ್ನೂ ಬರೆದಿಟ್ಟಿದ್ದ. ಕೊನೆಗೆ ಬೇರೆ ದಾರಿ ಕಾಣದೆ ಏಪ್ರಿಲ್ 2ರಂದು ಒಪ್ಪಿದ. ಪೋರ್ಟ್‌ಲೆಂಡಿನ ಡ್ಯೂಕ್ ಹೆಸರಿಗೆ ಪ್ರಧಾನಿ. ವಿದೇಶ ಖಾತೆಯ ಫಾಕ್ಸ್, ಒಳಾಡಳಿತದ ನಾರ್ತ್ ನಿಜವಾದ ಯಜಮಾನರು.

ಈಗ ಅದೇ ಏಪ್ರಿಲ್ ತಿಂಗಳಲ್ಲಿ ನಮ್ಮ ಕಡೆ ಏನಾಗುತ್ತಿತ್ತು ನೋಡಿ. ಹೈದರಾಲಿ 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿ ಪಾಳೆಯದಲ್ಲೇ ತೀರಿಕೊಂಡಿದ್ದ. ಆ ಸಮಯ ನೋಡಿ ಬೊಂಬಾಯಿಯಿಂದ ಹೊರಟ ಜನರಲ್ ಮ್ಯಾಥ್ಯೂಸ್ ಜನವರಿಯಲ್ಲಿ ಹೊನ್ನಾವರ ಹಿಡಿದು, ಹೊಸಂಗಡಿ ಘಾಟಿ ಹತ್ತಿ, ಬಿದನೂರಿನ ನಗರವನ್ನು ವಶಪಡಿಸಿಕೊಂಡ. ಅಲ್ಲಿ ಮೈಸೂರಿನ ಅಧಿಕಾರಿಯಾಗಿದ್ದ ಅಯಾಜ್ ಖಾನ್ ಕೋಟೆಯನ್ನು ಅವನ ಕೈಗೊಪ್ಪಿಸಿದ. ಮಾರ್ಚಿನಲ್ಲಿ ಮಂಗಳೂರೂ ಬಿತ್ತು. ಕೆಳದಿ ನಾಯಕರ ಹಳೆಯ ರಾಜಧಾನಿಯ ಮೇಲೆ ಕುಂಪಣಿಯ ಬಾವುಟ ಮೂರು ತಿಂಗಳು ಹಾರಿತು. ಟಿಪ್ಪು ಪೂರ್ವದಿಂದ ಧಾವಿಸಿ ಬಂದು ಮುತ್ತಿಗೆ ಹಾಕಿದ. ಏಪ್ರಿಲ್ ಮುಗಿಯುವಷ್ಟರಲ್ಲಿ ನಗರ ಮತ್ತೆ ಮೈಸೂರಿನದಾಯಿತು. ಸೆರೆಸಿಕ್ಕ ಮ್ಯಾಥ್ಯೂಸ್ ಶ್ರೀರಂಗಪಟ್ಟಣದ ಸೆರೆಮನೆಯಿಂದ ಜೀವಂತ ಹೊರಬರಲಿಲ್ಲ.

ಲಂಡನ್ನಿನಲ್ಲಿ ಫಾಕ್ಸ್ ಅಧಿಕಾರದ ಮುದ್ರೆ ಹಿಡಿದ ದಿನ ನಗರ ಇಂಗ್ಲಿಷರ ಕೈಯಲ್ಲಿತ್ತು, ಅವನು ಇನ್ನೂ ಮೇಜು ಸರಿಪಡಿಸಿಕೊಳ್ಳುವಷ್ಟರಲ್ಲಿ ಕೈಬಿಟ್ಟಿತ್ತು. ಅದರ ಗಳಿಕೆಯೂ ಅವನಿಗೆ ಆಗ ಗೊತ್ತಿರಲಿಲ್ಲ, ನಷ್ಟವೂ ಗೊತ್ತಿರಲಿಲ್ಲ. ಮದ್ರಾಸಿನಿಂದ ಹಡಗು ಆಫ್ರಿಕಾದ ತುದಿ ಸುತ್ತಿ ಲಂಡನ್ ಸೇರಲು ಐದಾರು ತಿಂಗಳು ಬೇಕು. ಹೋದ ಕಾಗದಕ್ಕೆ ಮರು ಓಲೆ ಬರಬೇಕೆಂದರೆ ವರ್ಷವೇ ಉರುಳಬೇಕು. ಏಪ್ರಿಲ್ 2ರಂದು ಆ ಸರ್ಕಾರ ಮದ್ರಾಸಿಗೆ ಹಡಗಿನಲ್ಲಿ ಒಂದು ಪ್ರಶ್ನೆ ಕಳಿಸಿದ್ದರೆ, ಉತ್ತರ ತಲುಪುವ ಹೊತ್ತಿಗೆ ಕೇಳಿದವರು ಕುರ್ಚಿಯಲ್ಲಿ ಇರುತ್ತಿರಲಿಲ್ಲ. ಭಾರತದ ವಿಷಯಕ್ಕೆ ಬಿದ್ದ ಸರ್ಕಾರಕ್ಕೆ ಭಾರತದೊಂದಿಗೆ ಒಂದು ಸಲ ಮಾತಾಡಿ ಮುಗಿಸುವಷ್ಟು ಆಯಸ್ಸೂ ಇರಲಿಲ್ಲ. ಈ ಲೆಕ್ಕ ಹಾಕಿದ ದಿನದಿಂದ ಆ ಎಂಟೂವರೆ ತಿಂಗಳು ನನ್ನನ್ನು ಬಿಟ್ಟಿಲ್ಲ.

ಹಾಗಾದರೆ ಅಷ್ಟು ದೂರದ ನಾಡು ಆ ಸಭೆಯ ಒಳಗೆ ಹೇಗೆ ಬಂತು? ಹೈದರನೇ ಒಯ್ದ ಎನ್ನಬಹುದು. 1780ರ ಜುಲೈನಲ್ಲಿ ಅವನು ಘಟ್ಟ ಇಳಿದು ಆರ್ಕಾಟು ಸೀಮೆಗೆ ನುಗ್ಗಿದ. ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ನಾಶವಾಯಿತು. ಆ ಸುದ್ದಿ ಲಂಡನ್ ತಲುಪಿದ್ದು 1781ರ ಏಪ್ರಿಲ್‌ನಲ್ಲಿ. ಅದೇ ತಿಂಗಳು ಕಾಮನ್ಸ್ ಸಭೆ ಈ ಯುದ್ಧ ಯಾಕಾಯಿತೆಂದು ವಿಚಾರಿಸಲು ಒಂದು ಗುಪ್ತ ಸಮಿತಿ ನೇಮಿಸಿತು. ಅದರ ಮುಖ್ಯಸ್ಥ ಸ್ಕಾಟ್ಲೆಂಡಿನ ಹೆನ್ರಿ ಡಂಡಾಸ್. ಬಂಗಾಳದ ವಿಚಾರಣೆಗೆ ಇದ್ದ ಇನ್ನೊಂದು ಸಮಿತಿಯಲ್ಲಿ ಎಡ್ಮಂಡ್ ಬರ್ಕ್ ಕೂತಿದ್ದ. ಇಬ್ಬರೂ ಕುಂಪಣಿಯ ಕಾಗದಗಳ ರಾಶಿಯನ್ನು ಓದಿದರು. ಇಬ್ಬರಿಗೂ ಒಂದೇ ಸತ್ಯ ಕಂಡಿತು: ವ್ಯಾಪಾರಕ್ಕೆಂದು ಹೋದ ಮಂಡಿಯವರು ರಾಜ್ಯ ಆಳುತ್ತಿದ್ದಾರೆ, ಯುದ್ಧ ಹೂಡುತ್ತಿದ್ದಾರೆ, ಅವರನ್ನು ಕೇಳುವವರೇ ಇಲ್ಲ. ಓದಿದ್ದು ಒಂದೇ ಆದರೂ ಇಬ್ಬರು ಹಿಡಿದ ದಾರಿ ಬೇರೆ. ಬರ್ಕ್, ಕುಂಪಣಿಯನ್ನು ಹಿಡಿತಕ್ಕೆ ತರಲು ಫಾಕ್ಸ್ ತಂದ ಮಸೂದೆಗೆ ಬೆನ್ನೆಲುಬಾದ. ಡಂಡಾಸ್, ಫಾಕ್ಸ್‌ನ ಎದುರಾಳಿ ವಿಲಿಯಂ ಪಿಟ್‌ನ ಕಡೆಗೆ ಹೋದ.

ಫಾಕ್ಸ್ ತನ್ನ ಮಸೂದೆಯನ್ನು 1783ರ ನವೆಂಬರ್ 18ರಂದು ಸಭೆಯ ಮುಂದಿಟ್ಟ. ಕುಂಪಣಿಯ ನಿರ್ದೇಶಕರ ಕೈಯಿಂದ ಆಳ್ವಿಕೆಯನ್ನು ಕಿತ್ತು ಏಳು ಮಂದಿ ಕಮಿಷನರುಗಳಿಗೆ ಕೊಡುವುದು, ಅವರನ್ನು ನಾಲ್ಕು ವರ್ಷಕ್ಕೆ ಪಾರ್ಲಿಮೆಂಟೇ ನೇಮಿಸುವುದು, ವ್ಯಾಪಾರ ನೋಡಿಕೊಳ್ಳಲು ಅವರ ಕೈಕೆಳಗೆ ಸಹಾಯಕ ನಿರ್ದೇಶಕರನ್ನು ಇಡುವುದು ಅದರ ತಿರುಳು. ಆಳುವವರು ಯಾರೆಂದು ಎಲ್ಲರಿಗೂ ಗೊತ್ತಿರಬೇಕು, ಅವರನ್ನು ಸಭೆಯಲ್ಲಿ ನಿಲ್ಲಿಸಿ ಕೇಳುವಂತಿರಬೇಕು ಎಂಬುದು ಅದರ ಒಳಗಿದ್ದ ವಿಚಾರ. ಡಿಸೆಂಬರ್ 1ರಂದು ಬರ್ಕ್ ಮಾಡಿದ ದೀರ್ಘ ಭಾಷಣ ಇಂದಿಗೂ ಓದತಕ್ಕದ್ದು. ಅಧಿಕಾರವೆನ್ನುವುದು ಆಳಿಸಿಕೊಳ್ಳುವವರ ಒಳಿತಿಗಾಗಿ ನಂಬಿ ಒಪ್ಪಿಸಿದ ಇಡುಗಂಟು, ಅದಕ್ಕೆ ಲೆಕ್ಕ ಕೊಡಲೇಬೇಕು ಎಂದು ಅವನು ವಾದಿಸಿದ.

ಆದರೆ ಏಳು ಹೆಸರು ಹೊರಬಿದ್ದಾಗ ಎಲ್ಲವೂ ಕೆಟ್ಟಿತು. ಅರ್ಲ್ ಫಿಟ್ಸ್‌ವಿಲಿಯಮ್ ಮುಖ್ಯಸ್ಥ, ನಾರ್ತ್‌ನ ಮಗ ಜಾರ್ಜ್ ನಾರ್ತ್ ಒಬ್ಬ ಸದಸ್ಯ, ಉಳಿದವರೂ ಮೈತ್ರಿಕೂಟದ ಕಡೆಯವರೇ. ಭಾರತದಲ್ಲಿ ಹಂಚಬಹುದಾದ ಹುದ್ದೆಗಳೆಲ್ಲ ಫಾಕ್ಸ್‌ನ ಜೇಬಿಗೆ ಬೀಳುತ್ತವೆ, ಆ ಬಲದಿಂದ ಅವನು ಪಾರ್ಲಿಮೆಂಟನ್ನೇ ಕೊಂಡುಬಿಡುತ್ತಾನೆ ಎಂಬ ಕೂಗೆದ್ದಿತು. ಕುಂಪಣಿಯ ಸನ್ನದಿಗೆ ಕೈಹಾಕಿದವರು ನಾಳೆ ನಿಮ್ಮ ಪಟ್ಟಣದ ಸನ್ನದನ್ನೂ ಬಿಡುವುದಿಲ್ಲ ಎಂದು ಕುಂಪಣಿ ಊರೂರಿಗೆ ಹೆದರಿಕೆ ಹಬ್ಬಿಸಿತು. ಜೇಮ್ಸ್ ಸೇಯರ್ಸ್ ಎಂಬ ಚಿತ್ರಕಾರ ಡಿಸೆಂಬರ್ 5ರಂದು ಒಂದು ವ್ಯಂಗ್ಯಚಿತ್ರ ಪ್ರಕಟಿಸಿದ. ಅದರಲ್ಲಿ ಫಾಕ್ಸ್ ಮುಂಡಾಸು ಕಟ್ಟಿದ ‘ಕಾರ್ಲೋ ಖಾನ್’ ಆಗಿ ಆನೆಯ ಮೇಲೆ ಕೂತು ಕುಂಪಣಿಯ ಕಚೇರಿಯಿದ್ದ ಲೆಡೆನ್‌ಹಾಲ್ ಬೀದಿಗೆ ಮೆರವಣಿಗೆ ಬರುತ್ತಾನೆ. ಆನೆಗೆ ನಾರ್ತ್‌ನ ಮುಖ. ಮುಂದೆ ಕಹಳೆ ಊದುವವನು ಬರ್ಕ್. ಎರಡು ವರ್ಷ ಸಮಿತಿಗಳು ಓದಿದ ಕಾಗದಕ್ಕಿಂತ ಈ ಒಂದು ಹಾಳೆ ಜನರ ಮನಸ್ಸನ್ನು ಬೇಗ ತಲುಪಿತು.

ಈ ಚಿತ್ರ ಬರುವ ಮೊದಲೇ, ನವೆಂಬರ್ 27ರಂದು, ಮಸೂದೆಯ ಎರಡನೆಯ ವಾಚನ ನಡೆದಿತ್ತು. 229ಕ್ಕೆ 120 ಮತಗಳಿಂದ ಫಾಕ್ಸ್ ಗೆದ್ದ. ಸಭೆಯ ಒಳಗೆ ಅವನನ್ನು ತಡೆಯುವವರೇ ಇರಲಿಲ್ಲ.

ಅದೇ ವಾರ ಕೊಯಮತ್ತೂರಿನ ಕೋಟೆ ಕರ್ನಲ್ ಫುಲರ್ಟನ್‌ಗೆ ಶರಣಾಯಿತು. ಟಿಪ್ಪು ಮಂಗಳೂರಿನ ಮುತ್ತಿಗೆಯಲ್ಲಿ ಸಿಕ್ಕಿಕೊಂಡಿದ್ದಾಗ ತೆಂಕಣದಿಂದ ಬಂದ ಈ ಪಡೆ ಧಾರಾಪುರ, ಪಾಲಕ್ಕಾಡು ಹಿಡಿದು ಕೊಯಮತ್ತೂರಿಗೆ ಬಂದಿತ್ತು. ಮುಂದಿನ ಗುರಿ ಶ್ರೀರಂಗಪಟ್ಟಣ. ಕೊಯಮತ್ತೂರು ಸೀಮೆಯಿಂದ ಮೈಸೂರಿಗೆ ಹತ್ತಲು ಸೈನ್ಯಗಳು ಬಳಸುತ್ತಿದ್ದ ದೊಡ್ಡ ಹಾದಿಗಳು ಎರಡು. ಒಂದು ಸತ್ಯಮಂಗಲದ ಕಡೆಯಿಂದ ಗಜಲಹಟ್ಟಿ ಘಾಟಿ. ಇನ್ನೊಂದು ಕಾವೇರಿಪುರದ ಘಾಟಿ, ಅದು ಪಾಲಾರ್ ಕಣಿವೆ ಹಿಡಿದು ಹತ್ತಿ ಮಾರ್ಟಳ್ಳಿ, ಕೌದಳ್ಳಿ, ಹನೂರು ದಾಟಿ ಕೊಳ್ಳೇಗಾಲಕ್ಕೆ ಬರುವ ಹಾದಿ. ಹೂಗ್ಯಂ ಇರುವುದು ಈ ಎರಡನೆಯ ಹಾದಿಯ ನೆರೆಯಲ್ಲಿ. 1768ರಲ್ಲಿ ಕುಂಪಣಿಯ ಪಡೆ ಈ ಘಾಟಿಯ ಬುಡದ ಕಾವೇರಿಪುರವನ್ನು ಹಿಡಿದು, ಆಮೇಲೆ ಕಳೆದುಕೊಂಡಿತ್ತು. ನಮ್ಮ ಕಾಡಿನ ಈ ದಾರಿ ಅವರ ನಕ್ಷೆಯಲ್ಲಿ ಆಗಲೇ ಇತ್ತು.

ಫುಲರ್ಟನ್ ಹತ್ತಲಿಲ್ಲ. ಮದ್ರಾಸಿನ ಗವರ್ನರ್ ಮೆಕಾರ್ಟ್ನಿ ಟಿಪ್ಪುವಿನೊಂದಿಗೆ ಸಂಧಿ ಮಾಡಲು ಕಳಿಸಿದ್ದ ಪ್ರತಿನಿಧಿಗಳಿಂದ, ನಿಲ್ಲು, ಹಿಡಿದದ್ದನ್ನು ಹಿಂದಿರುಗಿಸು ಎಂಬ ಆದೇಶ ಬಂತು. ಇದರ ಮೇಲಿನ ಸಿಟ್ಟನ್ನು ಫುಲರ್ಟನ್ 1787ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ತೋಡಿಕೊಂಡಿದ್ದಾನೆ. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಲ್ಲಿ ಎರಡೂ ಕಡೆಯವರು ಗೆದ್ದದ್ದನ್ನೆಲ್ಲ ಮರಳಿ ಕೊಟ್ಟರು. ನಗರದ ಮೂರು ತಿಂಗಳ ಇಂಗ್ಲಿಷ್ ಆಳ್ವಿಕೆ, ಕೊಯಮತ್ತೂರಿನ ಕೆಲವೇ ದಿನಗಳ ಇಂಗ್ಲಿಷ್ ಆಳ್ವಿಕೆ, ಎರಡೂ ಅಳಿಸಿಹೋದವು. ಆ ಒಪ್ಪಂದಕ್ಕೆ ಸಹಿ ಬೀಳುವಾಗ ಲಂಡನ್ನಿನ ಎಂಟೂವರೆ ತಿಂಗಳ ಸರ್ಕಾರವೂ ಅಳಿದುಹೋಗಿತ್ತು.

ಅದು ಅಳಿದ ಬಗೆ ಹೀಗೆ. ಡಿಸೆಂಬರ್ 8ರಂದು ಕಾಮನ್ಸ್ ಸಭೆ 208ಕ್ಕೆ 102 ಮತಗಳಿಂದ ಮಸೂದೆಯನ್ನು ದಾಟಿಸಿತು. ಲಾರ್ಡ್ಸ್ ಸಭೆಗೆ ಅದು ಬಂದಾಗ ದೊರೆ ಅರ್ಲ್ ಟೆಂಪಲ್‌ನ ಕೈಗೆ ಒಂದು ಚೀಟಿ ಕೊಟ್ಟ. ಈ ಮಸೂದೆಗೆ ಮತ ಹಾಕುವವನು ತನ್ನ ಗೆಳೆಯನಲ್ಲ, ಹಗೆ ಎಂದೇ ತಿಳಿಯುತ್ತೇನೆ ಎಂಬುದು ಅದರ ಸಾರ. ಚೀಟಿ ಲಾರ್ಡ್‌ಗಳ ಕೈಯಿಂದ ಕೈಗೆ ಹೋಯಿತು. ಡಿಸೆಂಬರ್ 17ರಂದು 95ಕ್ಕೆ 76 ಮತಗಳಿಂದ ಮಸೂದೆ ಬಿತ್ತು. ಹತ್ತೊಂಬತ್ತೇ ಮತದ ಅಂತರ. ಮರುದಿನ ನಡುರಾತ್ರಿ ದೊರೆಯ ಆಳು ಬಂದು ಫಾಕ್ಸ್, ನಾರ್ತ್ ಇಬ್ಬರ ಮುದ್ರೆಗಳನ್ನೂ ಕೇಳಿದ. ಅವರನ್ನು ಕಣ್ಣೆದುರು ಕರೆದು ಮಾತಾಡಿಸುವುದೂ ದೊರೆಗೆ ಬೇಡವಾಗಿತ್ತು. ಡಿಸೆಂಬರ್ 19ರಂದು ಇಪ್ಪತ್ತನಾಲ್ಕು ವರ್ಷದ ವಿಲಿಯಂ ಪಿಟ್ ಪ್ರಧಾನಿಯಾದ. ಕ್ರಿಸ್‌ಮಸ್ ದಾಟದು ಎಂದು ಎಲ್ಲರೂ ಅಂದುಕೊಂಡ ಅವನ ಸರ್ಕಾರ ಹದಿನೇಳು ವರ್ಷ ನಡೆಯಿತು.

ಇಲ್ಲಿಂದ ಮುಂದಿನದು ನಮಗೆ ಮುಖ್ಯ. 1784ರ ಆಗಸ್ಟಿನಲ್ಲಿ ಪಿಟ್ ತನ್ನದೇ ಇಂಡಿಯಾ ಕಾಯ್ದೆ ತಂದ. ಫಾಕ್ಸ್ ಬಹಿರಂಗವಾಗಿ ಮಾಡಹೊರಟದ್ದನ್ನು ಅವನು ಮರೆಯಲ್ಲಿ ಮಾಡಿದ ಎಂದೇ ನಾನು ತಿಳಿಯುತ್ತೇನೆ. ಕುಂಪಣಿಯ ನಿರ್ದೇಶಕರು ಇದ್ದಲ್ಲೇ ಇದ್ದರು, ಹುದ್ದೆ ಹಂಚುವ ಅವರ ಹಕ್ಕೂ ಉಳಿಯಿತು, ಕಾಗದಗಳು ಅವರ ಹೆಸರಿನಲ್ಲೇ ಹೋದವು. ಆದರೆ ಮೇಲೆ ಆರು ಮಂದಿಯ ಬೋರ್ಡ್ ಆಫ್ ಕಂಟ್ರೋಲ್ ಬಂತು. ಗುಟ್ಟಿನ ಆದೇಶಗಳನ್ನು ಅದು ನಿರ್ದೇಶಕರ ಒಂದು ಚಿಕ್ಕ ಗುಪ್ತ ಸಮಿತಿಯ ಮೂಲಕ ನೇರ ಭಾರತಕ್ಕೆ ಕಳಿಸಬಹುದಾಗಿತ್ತು. ಭಾರತದ ನೆಲ ಗೆದ್ದು ರಾಜ್ಯ ಬೆಳೆಸುವುದು ಬ್ರಿಟಿಷ್ ರಾಷ್ಟ್ರದ ಇಚ್ಛೆಗೂ ಮರ್ಯಾದೆಗೂ ವಿರುದ್ಧ ಎಂದು ಆ ಕಾಯ್ದೆಯಲ್ಲೇ ಬರೆದಿತ್ತು. ಬರೆದ ಶಾಯಿ ಒಣಗಿ ಹದಿನೈದು ವರ್ಷ ಆಗುವಷ್ಟರಲ್ಲಿ ಮೈಸೂರಿನ ಮೇಲೆ ಎರಡು ಯುದ್ಧಗಳಾದವು. ಬೋರ್ಡಿನ ಚುಕ್ಕಾಣಿ ಹಿಡಿದವನು ಡಂಡಾಸ್, ಹೈದರನ ಯುದ್ಧದ ವಿಚಾರಣೆಯಿಂದಲೇ ಭಾರತದ ಪಾಠ ಕಲಿತವನು. ಅದೇ ಬೋರ್ಡಿನಲ್ಲಿ 1793ರಿಂದ ಸದಸ್ಯನಾಗಿ ಕೂತು ಭಾರತದ ಕಾಗದ ಓದುತ್ತಿದ್ದ ಇನ್ನೊಬ್ಬ ರಿಚರ್ಡ್ ವೆಲ್ಲೆಸ್ಲಿ. 1798ರಲ್ಲಿ ಅವನು ಗವರ್ನರ್ ಜನರಲ್ ಆಗಿ ಬಂದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ಹಂಚಿಕೆಯಲ್ಲಿ ವೆಲ್ಲೆಸ್ಲಿಯ ಲೆಕ್ಕ ಸ್ಪಷ್ಟವಿತ್ತು. ಕೆನರಾ, ಕೊಯಮತ್ತೂರು, ಘಟ್ಟದ ಕೆಳಗಿನ ನೆಲವೆಲ್ಲ ಕುಂಪಣಿಗೆ. ಜೊತೆಗೆ ಘಟ್ಟದ ಮೇಲಿನ ಘಾಟಿಗಳ ತಲೆಭಾಗದ ಕೋಟೆ ಠಾಣೆಗಳೂ ಕುಂಪಣಿಗೇ. ಮೈಸೂರಿನ ಪುಟ್ಟ ಒಡೆಯರಿಗೆ ನಡುವಿನ ಬಯಲು ಸಿಕ್ಕಿತು, ಮನೆಯ ಬಾಗಿಲುಗಳ ಅಗುಳಿ ಸಿಗಲಿಲ್ಲ. ಕೊಳ್ಳೇಗಾಲ ಸೀಮೆ ಯಾಕೆ ಕೊಯಮತ್ತೂರಿಗೆ ಹೋಯಿತು ಎಂಬ ನನ್ನ ಪ್ರಶ್ನೆಗೆ ಉತ್ತರ ಇಲ್ಲಿದೆ. ಈ ಸೀಮೆಯ ನುಡಿ ಯಾವುದು, ಇಲ್ಲಿನವರು ಯಾವ ಬೆಟ್ಟಕ್ಕೆ ಹರಕೆ ಹೊರುತ್ತಾರೆ ಎಂದು ನೋಡಿ ಗೆರೆ ಎಳೆಯಲಿಲ್ಲ. ಕಾವೇರಿಪುರದ ಘಾಟಿ ಹತ್ತಿ ಬಂದರೆ ತಲೆಯಲ್ಲಿ ಸಿಗುವ ನೆಲ ಇದು, ಅದಕ್ಕಾಗಿ ಎಳೆದರು. ಪೂರ್ವದಲ್ಲಿ ಹೊಸೂರು ಸೀಮೆಯೂ ಘಟ್ಟದ ಮೇಲೇ ಇದ್ದು ಸೇಲಂ ಜಿಲ್ಲೆಗೆ ಸೇರಿತು. ನಮ್ಮದು 1956ರಲ್ಲಿ ಹಿಂದಿರುಗಿತು, ಅದು ಹಿಂದಿರುಗಲಿಲ್ಲ.

ಆ ಗೆರೆ ಕಾಗದದ ಮೇಲಷ್ಟೇ ಉಳಿಯಲಿಲ್ಲ. ಕೊಯಮತ್ತೂರಿನ ಉತ್ತರ ಭಾಗಕ್ಕೆ ಮೇಜರ್ ಮೆಕ್ಲಿಯೋಡ್ ಕಲೆಕ್ಟರ್ ಆದ. ಕೊಳ್ಳೇಗಾಲದ ಕಂದಾಯ ಮದ್ರಾಸ್ ಪ್ರಾಂತ್ಯದ ಕ್ರಮಕ್ಕೆ ಹೊಂದಿಕೊಂಡಿತು, ಹೊಳೆಯಾಚೆ ಮಳವಳ್ಳಿಯಲ್ಲಿ ಪಟೇಲರು ಶಾನುಭೋಗರ ಮೈಸೂರು ಕ್ರಮ ಮುಂದುವರಿಯಿತು. ಪಕ್ಕದ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಹೀಗೆ ಒಂದೇ ಬೆಟ್ಟದ ನೆರಳಿನಲ್ಲಿ ಬದುಕುವ ನೆರೆಹೊರೆಯವರ ಒಬ್ಬರ ಅಹವಾಲು ಪೂರ್ಣಯ್ಯನವರ ಮನೆತನಕ್ಕೆ, ಇನ್ನೊಬ್ಬರದು ಘಟ್ಟ ಇಳಿದು ಕೊಯಮತ್ತೂರಿಗೆ. ಶಿವನಸಮುದ್ರದಲ್ಲಿ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ಒಂದೇ ಕಾವೇರಿ ಎರಡಾಗಿ ಧುಮುಕುತ್ತದೆ. ಎಡದಂಡೆಯ ಮೈಸೂರು 1902ರಲ್ಲಿ ಆ ನೀರಿನಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿತು. ಭರಚುಕ್ಕಿ ಇರುವ ಕೊಳ್ಳೇಗಾಲದ ದಂಡೆ ಆಗ ದೊಡ್ಡ ಜಿಲ್ಲೆಯೊಂದರ ಘಟ್ಟದ ಮೇಲಿನ ತುದಿಯಾಗಿತ್ತು. ಕೊಯಮತ್ತೂರಿನ ಕಣ್ಣಿಗೆ ಕೊಳ್ಳೇಗಾಲ ದೂರ, ಕೊಳ್ಳೇಗಾಲದ ಕಣ್ಣಿಗೆ ಹೂಗ್ಯಂ ಇನ್ನೂ ದೂರ. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂದು ಮೈಸೂರು ಜಿಲ್ಲೆಗೆ ಸೇರಿತು, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಸೇರಿತು, ಹನೂರು ತಾನೇ ತಾಲ್ಲೂಕಾದದ್ದು ಅದಕ್ಕೂ ಆಮೇಲೆ.

ಫಾಕ್ಸ್‌ನ ಮಸೂದೆ ಗೆದ್ದಿದ್ದರೆ ಮೈಸೂರು ಉಳಿಯುತ್ತಿತ್ತೇ? ಹಾಗೆನ್ನುವ ಧೈರ್ಯ ನನಗಿಲ್ಲ. ಅವನ ಏಳು ಹೆಸರುಗಳಲ್ಲಿ ಈ ನೆಲದವರು ಒಬ್ಬರೂ ಇರಲಿಲ್ಲ, ಇರಬೇಕೆಂದು ಯಾರಿಗೂ ಅನಿಸಿರಲೂ ಇಲ್ಲ. ತನ್ನ ಕಡೆಯವರನ್ನೇ ತುಂಬಿ ಒಂದು ಒಳ್ಳೆಯ ವಿಚಾರಕ್ಕೆ ಅವನೇ ಮಣ್ಣುಹಾಕಿದ ಎಂಬ ನೋವೂ ನನಗಿದೆ. ಆದರೂ ಆ ಮಸೂದೆಯಲ್ಲಿ ಆಳುವವರ ಹೆಸರು ಬರೆದಿತ್ತು. ಪಿಟ್‌ನ ಕಾಯ್ದೆಯಲ್ಲಿ ಮುಂದೆ ಕುಂಪಣಿಯ ನಾಮಫಲಕ, ಹಿಂದೆ ಮಂತ್ರಿಯ ಕೈ. ಕೊಳ್ಳೇಗಾಲದ ರೈತ ತನ್ನ ಕಂದಾಯದ ಸಂಕಟವನ್ನು ಯಾರ ಮುಂದೆ ಇಡಬೇಕು ಎಂಬ ಪ್ರಶ್ನೆ ಆ ಎರಡರ ನಡುವೆ ಬಿದ್ದುಹೋಯಿತು.

ಇನ್ನೊಂದು ಸಂಗತಿ ಹೇಳಬೇಕು. ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1800ರಲ್ಲಿ ಹೊಸದಾಗಿ ಗೆದ್ದ ನಾಡನ್ನೆಲ್ಲ ಸುತ್ತಿ, ಮಣ್ಣು, ಬೆಳೆ, ಕೆರೆ, ಜಾತಿ, ಕಂದಾಯ ಎಲ್ಲವನ್ನೂ ಕೇಳಿ ಬರೆದುಕೊಂಡ. ಶಿವನಸಮುದ್ರ ನೋಡಿಕೊಂಡು ಅವನು ಸಿಂಗಾನಲ್ಲೂರು, ಹನೂರು, ಕೌದಳ್ಳಿ, ಮಾರ್ಟಳ್ಳಿಯ ದಾರಿ ಹಿಡಿದು ಕಾವೇರಿಪುರದ ಘಾಟಿ ಇಳಿದ. ಫುಲರ್ಟನ್ ದಾಟದೆ ಹೋದ ಗಡಿಯನ್ನು ಅವನು ಲೇಖನಿ ಹಿಡಿದು ದಾಟಿದ. ಅವನ ಪ್ರವಾಸ ಕಥನ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾದದ್ದು 1807ರಲ್ಲಿ. ಆ ವರ್ಷದ ಮಾರ್ಚ್ 31ರಂದು ಅಲ್ಲಿ ಹೊಸ ಸರ್ಕಾರ ಬಂದಿತ್ತು. ಪ್ರಧಾನಿ ಅದೇ ಪೋರ್ಟ್‌ಲೆಂಡಿನ ಡ್ಯೂಕ್, ಇಪ್ಪತ್ತನಾಲ್ಕು ವರ್ಷದ ಹಿಂದೆ ಎಂಟೂವರೆ ತಿಂಗಳು ಹೆಸರಿಗೆ ಪ್ರಧಾನಿಯಾಗಿದ್ದವನು, ಈಗ ಮುದುಕ, ರೋಗಿ. ಫಾಕ್ಸ್ ಹಿಂದಿನ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದ. ಹನೂರು, ಕೌದಳ್ಳಿ, ಮಾರ್ಟಳ್ಳಿಗಳ ಹೆಸರು ಇಂಗ್ಲಿಷ್ ನಾಲಿಗೆಗೆ ಸಿಕ್ಕಂತೆ ತಿರುಚಿಕೊಂಡು ಆ ಸಂಪುಟಗಳಲ್ಲಿ ಕೂತಿವೆ. ಆ ಹೆಸರುಗಳು ಲಂಡನ್ನಿನಲ್ಲಿ ಅಚ್ಚಾಗುವ ಹೊತ್ತಿಗೆ ಆ ಊರುಗಳು ಕೊಯಮತ್ತೂರಿಗೆ ಸೇರಿ ಎಂಟು ವರ್ಷವಾಗಿತ್ತು.